ಬೊಚ್ಚುಬಾಯಿಯ ಸಾಕ್ಷಿ

ಶವಾಗಾರದ ಬಾಗಿಲಲ್ಲೇ ಸತ್ತ ಮುದುಕಿಯ ಮಗಳು ಇನ್ಸ್‌ಪೆಕ್ಟರಮ್ಮನ ಮುಖಕ್ಕೆ ಎರಡು ಕಾಗದ ಹಿಡಿದಳು.

"ಇದು ಇವತ್ತಿನ ಶವಪರೀಕ್ಷೆ. ಅಮ್ಮನ ಕರುಳು ತೂತಾಗಿದೆ, ತಿಂಗಳುಗಟ್ಟಲೆ ರಕ್ತ ಸೋರಿದೆ ಅಂತ. ಇದು ಹೋದ ವಾರದ ಮಲಪರೀಕ್ಷೆ. ರಕ್ತ ಇಲ್ಲ, ಊತ ಇಲ್ಲ, ಎಲ್ಲ ಸರಿ ಅಂತ. ಎರಡರಲ್ಲಿ ಯಾವುದು ಸುಳ್ಳು? ಹೇಳಿ!"

ಮಗಳು ದರ್ಜಿ. ಎರಡೂ ಕಾಗದವನ್ನು ಬಟ್ಟೆಯಂತೆ ಅಂಚಿಗೆ ಅಂಚು ಸೇರಿಸಿ ಹಿಡಿದಿದ್ದಳು.

ಕರುಳುಬೇನೆಗೆ ಹೊಸ ಮಾತ್ರೆ ಬಂದಿತ್ತು. ಅದನ್ನು ಆಸ್ಪತ್ರೆಯ ದೊಡ್ಡ ಡಾಕ್ಟರು ಒಂಬತ್ತು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಅವರಲ್ಲಿ ಮುದುಕಿಯೂ ಒಬ್ಬಳು.

"ರಕ್ತ ಹೋಗ್ತಿದೆ ಅಂತ ನಾಲ್ಕು ಸಲ ಬಾಯಿಬಿಟ್ಟು ಹೇಳಿದಳು. ರಿಪೋರ್ಟ್ ಚೆನ್ನಾಗಿದೆ, ಭ್ರಮೆ ಬಿಡಿ, ಮಾತ್ರೆ ನುಂಗಿ ಅಂದ್ರು ದೊಡ್ಡ ಡಾಕ್ಟ್ರು. ನುಂಗಿದಳು."

ಇನ್ಸ್‌ಪೆಕ್ಟರ್‌ಗೆ ಅಂಗಾಲಿನ ಉರಿ ನೆತ್ತಿಗೇರಿತು.

* * *

ಪ್ರಯೋಗಾಲಯದ ಫ್ರೀಜರಿನಲ್ಲಿ ಒಂಬತ್ತೂ ಜನರ ಮಲದ ಮಾದರಿಗಳು ಉಳಿದಿದ್ದವು. ಇನ್ಸ್‌ಪೆಕ್ಟರ್ ಅವನ್ನು ಜಪ್ತಿ ಮಾಡಿ ಹೊರಗಿನ ಸೂಕ್ಷ್ಮಾಣು ತಜ್ಞೆಗೆ ಕಳಿಸಿದಳು. ಮೂರನೆಯ ದಿನ ತಜ್ಞೆಯೇ ಕರೆಸಿಕೊಂಡಳು.

"ಮುದುಕಿಯದು ಅನ್ನೋ ಡಬ್ಬಿಯಲ್ಲಿ ವಸಡು ಕೊಳೆಸೋ ಬ್ಯಾಕ್ಟೀರಿಯಾ ತುಂಬಿವೆ."

"ಬಾಯಿಯದು ಇಲ್ಲಿಗೆ ಹೇಗೆ ಬಂತು?"

"ದಿನವಿಡೀ ಎಂಜಲು ನುಂಗ್ತೀವಲ್ಲ. ಹೆಚ್ಚಿನವು ಹೊಟ್ಟೆಯ ಆಮ್ಲದಲ್ಲಿ ಸಾಯ್ತವೆ. ವಸಡು ತೀರಾ ಕೆಟ್ಟಿದ್ರೆ ಕೆಲವು ಪಾರಾಗಿ ಕರುಳಿಗಿಳೀತವೆ. ಹಲ್ಲಿನ ಬುಡದ ಸಂದಿಯೇ ಇವುಗಳ ಮನೆ."

ಇನ್ಸ್‌ಪೆಕ್ಟರ್ ಕೂಡಲೇ ಮಗಳಿಗೆ ಫೋನ್ ಮಾಡಿದಳು. "ನಿಮ್ಮಮ್ಮನ ಹಲ್ಲು ಹೇಗಿತ್ತು?"

"ಯಾವ ಹಲ್ಲು? ಹತ್ತು ವರ್ಷದಿಂದ ಬೊಚ್ಚುಬಾಯಿ."

ಹಲ್ಲಿಲ್ಲದವಳ ಹೊಟ್ಟೆಯಲ್ಲಿ ಹಲ್ಲಿನ ಸಂದಿಯ ಹುಳ!

"ಇನ್ನೂ ಇದೆ," ಎಂದಳು ತಜ್ಞೆ. "ಒಂಬತ್ತು ಡಬ್ಬಿಯಲ್ಲೂ ಒಂದೇ ತಳಿ. ಒಂಬತ್ತು ಹೆಸರು, ಒಂದೇ ಹೊಟ್ಟೆ."

ಇನ್ಸ್‌ಪೆಕ್ಟರ್ ನಿಂತಲ್ಲಿಂದಲೇ ಉಳಿದ ಎಂಟು ಮನೆಗೂ ಫೋನ್ ಮಾಡಿದಳು. ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ. ಒಬ್ಬ ಮುದುಕ ಗೊಣಗಿದ. "ನನ್ನ ರಿಪೋರ್ಟ್ ಚೆನ್ನಾಗಿದೆಯಲ್ಲಮ್ಮಾ?"

"ಅದು ನಿಮ್ಮದಲ್ಲ, ತಾತ."

* * *

ಡಬ್ಬಿಗಳನ್ನು ಮುಟ್ಟುತ್ತಿದ್ದವರು ಇಬ್ಬರೇ: ಮನೆಮನೆಯಿಂದ ತರುತ್ತಿದ್ದ, ಎಲ್ಲರೂ ಕರಿಹಲ್ಲ ಎಂದು ಕರೆಯುತ್ತಿದ್ದ ಆಳು, ಫ್ರೀಜರಿನ ಕೀಲಿ ಇಟ್ಟುಕೊಂಡಿದ್ದ ದೊಡ್ಡ ಡಾಕ್ಟರು. ಡಬ್ಬಿಗಳಲ್ಲಿ ಯಾರದೋ ಬಾಯಿಯ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದಷ್ಟೇ ಇನ್ಸ್‌ಪೆಕ್ಟರ್ ಇಬ್ಬರಿಗೂ ಹೇಳಿದಳು.

"ಅವನ ಬಾಯಿ ನೋಡಿದ್ರೇ ಗೊತ್ತಾಗಲ್ವೇ?" ಡಾಕ್ಟರು ಮುತ್ತಿನಂಥ ಹಲ್ಲು ತೋರಿಸಿ ನಕ್ಕರು. "ಸೋಮಾರಿ. ಅಲೆಯೋದು ಯಾಕೆ ಅಂತ ತನ್ನದನ್ನೇ ತುಂಬಿಸಿಕೊಟ್ಟಿದ್ದಾನೆ."

ಕರಿಹಲ್ಲ ಅತ್ತ. "ಹೊಗೆಸೊಪ್ಪು ತಿಂತೀನಿ ಅಕ್ಕಾ, ನಿಜ. ಡಬ್ಬಿಗೆ ಕೈಹಾಕಿಲ್ಲ. ಬೇಕಾದಷ್ಟು ಎಂಜಲು ತಗೊಳ್ಳಿ."

ತಗೊಂಡರು. ಅವನ ಬಾಯಲ್ಲೂ ಅದೇ ಜಾತಿಯ ಬ್ಯಾಕ್ಟೀರಿಯಾ ಇತ್ತು, ತಳಿ ಬೇರೆ.

"ಈಗ ನಿಮ್ಮದು, ಡಾಕ್ಟ್ರೇ."

"ನನ್ನದೇ? ನನ್ನ ವಸಡಿಗೇನಾಗಿದೆ?"

"ವಸಡು ಅಂತ ನಾನು ಅಂದೆನೇ?"

ನಗು ಅಲ್ಲಿಗೇ ನಿಂತಿತು. ಕೋರ್ಟಿನ ಆದೇಶ ಬರುವತನಕ ಅವರು ಬಾಯಿ ತೆರೆಯಲಿಲ್ಲ. ತೆರೆದಾಗ ಕೊಳವೆಗೆ ಬಿದ್ದ ಎಂಜಲು ಕೆಂಪಗಿತ್ತು. ಹೊಳೆಯುವ ಹಲ್ಲೆಲ್ಲ ಮೇಲೆ ಹಾಕಿಸಿದ ಕವಚ. ಅಡಿಯಲ್ಲಿ ವಸಡು ಕೊಳೆತು ರಕ್ತ ಒಸರುತ್ತಿತ್ತು. ತಳಿ ತಾಳೆಯಾಯಿತು. ಡಬ್ಬಿಯ ಮಲದ ಡಿಎನ್‌ಎ ಕೂಡ ಅವರದೇ.

* * *

ಠಾಣೆಯಲ್ಲಿ ಮಗಳೂ ಇದ್ದಳು. ಇನ್ಸ್‌ಪೆಕ್ಟರ್ ಡಾಕ್ಟರಿಗೆ ಒಂದೊಂದೇ ಬಿಡಿಸಿ ಹೇಳಿದಳು.

"ಮಾತ್ರೆ ನೀವೇ ಕಂಡುಹಿಡಿದದ್ದು. ಅದು ಸೋತರೆ ನಿಮ್ಮ ಹೆಸರು ಮಣ್ಣುಪಾಲು. ಅದಕ್ಕೇ ಎಲ್ಲರ ಡಬ್ಬಿಗೂ ನಿಮ್ಮದನ್ನೇ ತುಂಬಿದಿರಿ. ರಕ್ತ, ಊತ ಎರಡನ್ನೇ ನೋಡ್ತಾರೆ, ಬ್ಯಾಕ್ಟೀರಿಯಾ ಯಾರು ನೋಡ್ತಾರೆ ಅಂದ್ಕೊಂಡಿರಿ. ನಿಮ್ಮ ಬಾಯಿಯ ಕೊಳೆ ನಿಮ್ಮ ಕರುಳಲ್ಲೇ ರುಜು ಹಾಕಿತ್ತು."

ಡಾಕ್ಟರು ತಲೆ ತಗ್ಗಿಸಿದರು. "ಪರಿಸ್ಥಿತಿ ಇಷ್ಟು ಕೆಡುತ್ತೆ ಅಂತ ಗೊತ್ತಿರಲಿಲ್ಲ. ಅಜಾಗರೂಕತೆ ಅಷ್ಟೇ."

ಮಗಳು ಎದ್ದು ಬಂದು ಅವರೆದುರು ನಿಂತಳು.

"ಆ ಡಬ್ಬಿ ಕೊಡೋಕೆ ಅಮ್ಮನಿಗೆ ಎಷ್ಟು ನಾಚಿಕೆ ಗೊತ್ತಾ? ಬಟ್ಟೆ ಸುತ್ತಿ, ಮುಖ ತಿರುಗಿಸಿ ಕೊಡ್ತಿದ್ದಳು. ಅದರಲ್ಲಿ ಒಂದನ್ನಾದರೂ ತೆರೆದು ನೋಡಿದಿರಾ?"

"ಮೊದಲನೆಯದು ನೋಡಿದ್ದೆ."

"ಏನಿತ್ತು?"

"ರಕ್ತ."

ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡಳು. ದೂರಿನಲ್ಲಿದ್ದ 'ನಿರ್ಲಕ್ಷ್ಯದಿಂದಾದ ಸಾವು' ಎಂಬ ಸಾಲನ್ನು ಕಾಗದ ಹರಿಯುವಂತೆ ಹೊಡೆದುಹಾಕಿ, ಪಕ್ಕದಲ್ಲಿ 'ಕೊಲೆ' ಎಂದು ಬರೆದಳು.