ತಪ್ಪಾತ್ರಿ ಎಂದ ಪೈಲಟ್

"ಕಳ್ಳಗ ಬೇಕ್ರಿ ವಕೀಲರು! ನಾನೇನ್ ಕಳತನ ಮಾಡೀನಿ?"

ರಾಯಚೂರು ಕೋರ್ಟಿನ ಎದುರಿಗಿದ್ದ ಆ ಸಣ್ಣ ಆಫೀಸಿನಲ್ಲಿ ಕೂತಿದ್ದ ವಕೀಲೆ ವೇದಶ್ರೀ ತಲೆ ಎತ್ತಿದಳು. ಬಾಗಿಲಲ್ಲಿ ಸಿಟ್ಟಿನಿಂದ ಕೆಂಪಾದ ಒಬ್ಬ ಎತ್ತರದ ಯುವಕ, ಅವನ ತೋಳು ಹಿಡಿದು ಒಳಗೆ ಎಳೆಯುತ್ತಿದ್ದ ಅವನ ತಾಯಿ.

"ಕಳ್ಳರು ಹಿಂಗ ಒದರಂಗಿಲ್ರಿ," ಎಂದಳು ವೇದಶ್ರೀ. "ಬಂದು ಸುಮ್ನ ಕುಂಡರ್ತಾರ. ನೀವೂ ಕುಂಡರ್ರಿ."

ಅವನು ಕೂರಲಿಲ್ಲ. ಆದರೆ ಕಣ್ಣನ್ನೂ ಅವಳಿಂದ ಕೀಳಲಿಲ್ಲ... ವೇದಶ್ರೀಯೇ ಮೊದಲು ನೋಟ ತಗ್ಗಿಸಿದಳು. ಕೋರ್ಟಿನಲ್ಲಿ ಯಾರ ಮುಂದೆಯೂ ತಗ್ಗದ ಹುಡುಗಿ!

ಅವನ ಹೆಸರು ಅಂಬರೇಶ. ದೇವದುರ್ಗದವನು. ತಾಯಿ ಬೂದೆಮ್ಮ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ಓದಿಸಿದ ಮಗ ಈಗ ಪೈಲಟ್. ಕೆಲ ವಾರಗಳ ಹಿಂದೆ ಅವನಿದ್ದ ವಿಮಾನ ಬಿರುಗಾಳಿಯಲ್ಲಿ ರನ್‌ವೇಗೆ ಅಪ್ಪಳಿಸಿದಂತೆ ಇಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಚಕ್ರಗಳು ಮಾತ್ರ ಜಖಂ. ವಿಮಾನ ಇಳಿಸಿದ್ದು ಕ್ಯಾಪ್ಟನ್ ಸಿದ್ದರಾಮಪ್ಪ, ಪಕ್ಕದ ಸೀಟಿನಲ್ಲಿದ್ದದ್ದು ಅಂಬರೇಶ. ಆದರೆ ಕಾರಣ ಹುಡುಕುವ ವಿಚಾರಣೆಯಲ್ಲಿ ಇಬ್ಬರ ಹೇಳಿಕೆ ಪಡೆದ ಮೇಲೆ ದೆಹಲಿಯ ವಿಮಾನಯಾನ ನಿಯಂತ್ರಕರ ನೋಟಿಸ್ ಬಂದದ್ದು ಅಂಬರೇಶನಿಗೆ. ನಿಮ್ಮ ಲೈಸೆನ್ಸ್ ಯಾಕೆ ರದ್ದು ಮಾಡಬಾರದು? ಉತ್ತರ ಕೊಡುವ ತನಕ ಹಾರುವಂತಿಲ್ಲ.

"ಮನ್ಯಾಗ ಕುಂತು ಕುಂತು ಕಲ್ಲಾಗ್ಯಾನ ನನ್ನ ಮಗ," ಬೂದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನಾ ಹೇಳವ್ವಾ ಇವಗ."

ಬಸ್ ಡ್ರೈವರುಗಳ, ಗುಮಾಸ್ತರ ಇಲಾಖಾ ವಿಚಾರಣೆಗಳಲ್ಲಿ ಪಳಗಿದ್ದ ವೇದಶ್ರೀ ನೋಟಿಸನ್ನು ಎರಡು ಸಲ ಓದಿದಳು.

"ವಿಚಾರಣಿಯೊಳಗ ಎಲ್ಲಾ ಬಿಚ್ಚಿ ಹೇಳಬೇಕ್ರಿ," ಅಂಬರೇಶ ಹಟ ಹಿಡಿದ. "ನಾವು ಬಾಯಿ ಬಿಟ್ಟರ ಮುಂದಿನ ವಿಮಾನ ಉಳೀತದ. ವಕೀಲರ ಹಿಂದ ಅಡಗಿದ್ರ ಯಾರು ಏನ್ ಕಲೀತಾರ?"

"ಖರೇ ಮಾತು. ಮೊದಲು ಆಗಿದ್ದು ಕಾರಣ ಹುಡುಕೋ ವಿಚಾರಣಿ, ಅಲ್ಲಿ ಬಾಯಿ ಬಿಡಬೇಕು. ಇದು ಶಿಕ್ಷಾ ಕೊಡೋ ವಿಚಾರಣಿ. ಯಾವ ಮೇಜಿನ ಮುಂದ ಕುಂತೀವಿ ಅಂತ ತಿಳಕೊಂಡು ಮಾತಾಡಬೇಕು. ಸುಳ್ಳು ಹೇಳಸಾಕಲ್ರಿ ನಾ ಇರೋದು. ಖರೇ ಎಷ್ಟದ ಅಷ್ಟ ಹೇಳಸಾಕ."

"ನನಗ ಬ್ಯಾಡ್ರಿ," ಎಂದು ಹೊರಟೇ ಹೋದ.

ಬೇಡ ಎಂದವನು ಮರುದಿನ ತಾನೇ ಬಂದ! ಅದರ ಮರುದಿನವೂ ಬಂದ. ನೋಟಿಸಿಗೆ ಉತ್ತರ ಬರೆಯುವ ನೆಪವಿತ್ತು, ಆದರೆ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಬೀದಿಗಿಳಿದರೆ ಆಟೋದವರು ಕೇಳುತ್ತಿದ್ದರಂತೆ, "ಪೈಲಟ್ ಸಾಹೇಬ್ರ, ರಜಾ ಭಾಳ ಉದ್ದ ಆತಲ್ರಿ?" ಹೀಗಾಗಿ ಅವನು ರಾಯಚೂರಿನಲ್ಲಿ ಹಿಡಿದ ಬಾಡಿಗೆ ರೂಮು ಬಿಟ್ಟರೆ ಅವಳ ಆಫೀಸು, ಆಫೀಸು ಬಿಟ್ಟರೆ ರೂಮು.

"ಇಷ್ಟಗಲ ಕಾಕ್‌ಪಿಟ್‌ನಾಗ ತಾಸುಗಟ್ಲೆ ಕುಂತಾಗ ಉಸಿರು ಕಟ್ಟಿದ್ದಿಲ್ರಿ," ಒಂದು ಸಂಜೆ ಮೆಲ್ಲಗೆ ಹೇಳಿದ. "ಇಷ್ಟು ದೊಡ್ಡ ಊರಾಗ ಕಟ್ಟಾಕತ್ತದ."

ಆ ಮಾತು ಅವಳ ಎದೆಯಲ್ಲಿ ನಾಟಿತು. ಮಾನ್ವಿಯಿಂದ ಅಪ್ಪ ಫೋನ್ ಮಾಡಿ ಗಂಡು ನೋಡಿದ ಸುದ್ದಿ ಹೇಳಿದಾಗಲೆಲ್ಲ ಅವಳಿಗೂ ಉಸಿರು ಕಟ್ಟತೊಡಗಿತ್ತು. ಯಾಕೆ ಎಂದು ಕೇಳಿಕೊಳ್ಳಲು ಮಾತ್ರ ಭಯ...

ದೇವದುರ್ಗ ಕೋರ್ಟಿನಲ್ಲಿ ಬೇರೊಂದು ಕೇಸಿದ್ದ ದಿನ ಅವಳು ಉತ್ತರದ ಕರಡು ಹಿಡಿದು, ಊರಿಗೆ ಬಂದಿದ್ದ ಅವನ ಮನೆಗೆ ಹೋದಳು. ಅಂಗಳದಲ್ಲಿ ಅವನ ಸೋದರಮಾವ ಗಡಿಗೆಪ್ಪ ಗುಡುಗುತ್ತಿದ್ದ. ಮಾವನ ಹೊಲದ ಪಂಪಿನ ಮೋಟಾರು ಸುಟ್ಟುಹೋಗಿತ್ತು, ಬಂದ್ ಮಾಡದೆ ಬಿಟ್ಟವನು ಅಂಬರೇಶನೇ ಎಂದು ಅವನ ವಾದ.

ಅಂಬರೇಶ ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಮಾವ."

ಗಡಿಗೆಪ್ಪ ತಣ್ಣಗಾದ. "ಇರಲಿ ಬಿಡಪ್ಪಾ," ಎಂದು ಅಳಿಯನ ಬೆನ್ನು ತಟ್ಟಿ ಹೋದ.

"ಎಂದ ಹೋಗಿದ್ರಿ ಹೊಲಕ್ಕ?" ಎಂದಳು ವೇದಶ್ರೀ.

"ಈ ಸಲ ಬಂದಮ್ಯಾಲೆ ಹೋಗೇ ಇಲ್ರಿ!" ಅವನು ನಕ್ಕ. "ಹಿರ್ಯಾರು ಸಿಟ್ಟಿಗೆದ್ದಾಗ ಮೊದಲು ತಪ್ಪಾತ್ರಿ ಅಂದುಬಿಡಬೇಕು. ಮಾಡಿರಲಿ, ಬಿಡಲಿ. ನಮ್ಮ ಕಡಿ ಅದಾ ಮರ್ಯಾದಿ. ಮಾತು ಅಲ್ಲಿಗೇ ಮುಗೀತದ."

ವೇದಶ್ರೀ ಅವನತ್ತ ಒಂದು ಹೆಜ್ಜೆ ಮುಂದೆ ಬಂದಳು.

"ಅಂಬರೇಶ ಅವ್ರ... ಅಲ್ಲೂ ಹಿಂಗ ಅಂದ್ರೇನು? ಮೊದಲಿನ ವಿಚಾರಣಾ ಅಧಿಕಾರಿ ಮುಂದ?"

"ಅಂದೆ. ವಯಸ್ಸಾದವ್ರು, ತಂದಿ ಸಮಾನ. ನನ್ನದಾ ತಪ್ಪಾತು ಸರ್ ಅಂದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವದುರ್ಗದ ಅಂಗಳದಲ್ಲಿ ಮಾತು ಮುಗಿಸುವ ಮರ್ಯಾದೆ ದೆಹಲಿಯ ಕಡತದಲ್ಲಿ ತಪ್ಪೊಪ್ಪಿಗೆಯಾಗಿ ಕೂತಿತ್ತು. ಬಾಯಿ ತೆರೆಯುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿದ್ದರೆ!

"ಆವತ್ತು ನಿಜವಾಗಿ ಏನಾತು? ಹೇಳ್ರಿ."

ಅವನ ನಗು ಆರಿತು. ಗಾಳಿ ಸರಿಯಿಲ್ಲ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಅವನು ಹೇಳಿದ್ದ. ಕ್ಯಾಪ್ಟನ್ ಕೇಳಲಿಲ್ಲ.

"ಇದನ್ನ ಉತ್ತರದಾಗ ಬರೀಬೇಕು!"

"ಸಾಧ್ಯಿಲ್ಲ. ನನಗ ವಿಮಾನ ಹಾರಿಸೋದು ಕಲಿಸಿದ ಗುರುಗಳು ಅವರು. ನೀ ಸಣ್ಣಾಂವ, ಒಪ್ಪಿಕೋ, ಮುಂದ ನಾ ನೋಡ್ಕೋತೀನಿ ಅಂದಾರ. ಗುರುದ್ರೋಹ ಮಾಡು ಅಂತೀರೇನು?"

"ನಿಮ್ಮವ್ವಗ ಮಾಡೋದು ದ್ರೋಹ ಅಲ್ಲೇನು? ಲೈಸೆನ್ಸ್ ಹೋದ್ರ ಮತ್ತ ಬರಂಗಿಲ್ರಿ! ನಿಮಗೇನರ ಆದ್ರ ನಾ..."

ಅವಳು ಥಟ್ಟನೆ ನಿಲ್ಲಿಸಿದಳು. ಇಬ್ಬರೂ ಬೆಚ್ಚಿಬಿದ್ದರು. ಕರಡನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಅವಳು ಬಸ್ ಸ್ಟ್ಯಾಂಡಿನ ಕಡೆಗೆ ಓಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಅತ್ತೂ ಅತ್ತೂ ಒಂದು ಸತ್ಯ ಒಪ್ಪಿಕೊಂಡಳು. ಅವನನ್ನು ಪ್ರೀತಿಸುತ್ತಿದ್ದಳು. ಹೇಳಿದರೆ ಕಕ್ಷಿದಾರನ ಕಷ್ಟದ ಕಾಲವನ್ನು ಬಳಸಿಕೊಂಡಂತೆ, ಹೇಳದಿದ್ದರೆ ಪ್ರತಿ ದಿನ ಅವನೆದುರು ಕಲ್ಲಿನಂತೆ ಕೂರಬೇಕು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ...

ಮರುದಿನವೇ ಫೈಲನ್ನು ತನ್ನ ಹಿರಿಯ ವಕೀಲ ಖಾಜಾಮಿಯಾ ಅವರ ಮೇಜಿನ ಮೇಲಿಟ್ಟಳು. "ಇದು ನನ್ನ ಕೈಲೆ ಆಗಂಗಿಲ್ಲ ಸರ್. ನೀವಾ ನೋಡ್ರಿ."

ಖಾಜಾಮಿಯಾ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ವಿಚಾರಣೆಗೆ ಅಂಬರೇಶನ ಜೊತೆ ಖಾಜಾಮಿಯಾ ದೆಹಲಿಗೆ ಹೋಗಿ ಬಂದರು. ಏನಾಯಿತೆಂದು ಕೇಳಿದರೆ ಗಡ್ಡ ನೀವಿಕೊಂಡು, "ಕೇಸಿನ ಮಾತು ಹೊರಗಿನವ್ರಿಗೆ ಹೇಳಂಗಿಲ್ಲ ಬೇಟಿ. ನಾನಾ ಕಲಿಸೀನಲ್ಲ ನಿನಗ?" ಎಂದರು. ತಾನೇ ಹೆಣೆದ ಬಲೆಯಲ್ಲಿ ತಾನೇ ಬಿದ್ದ ವೇದಶ್ರೀ, ಊಟ ನಿದ್ದೆ ಬಿಟ್ಟು ಮಾನ್ವಿಗೆ ಹೋಗಿ ಅಪ್ಪ ಅಮ್ಮನ ಮನೆ ಸೇರಿದಳು.

ಒಂದು ಮಧ್ಯಾಹ್ನ ಅಮ್ಮ ಜಯಾಬಾಯಿ ಬಾಗಿಲಿಂದಲೇ ಕರೆದಳು. "ವೇದಾ, ಯಾರೋ ಬಂದಾರ ನೋಡು."

ಹೊಸ್ತಿಲಾಚೆ ಅಂಬರೇಶ! ಬಿಸಿಲಿಗೆ ಬಾಡಿದ ಮುಖ, ಕೈಯಲ್ಲಿ ಒಂದು ಲಕೋಟೆ.

"ಆರ್ಡರ್ ಬಂತು," ಎಂದ. "ಲೈಸೆನ್ಸ್ ಉಳೀತು. ಆರು ತಿಂಗಳು ಅಮಾನತು."

"ಅಮಾನತು ಯಾಕ?"

"ಖಾಜಾಮಿಯಾ ಸಾಹೇಬ್ರು ಕಾಕ್‌ಪಿಟ್ಟಿನ ರೆಕಾರ್ಡಿಂಗ್ ಕೇಳಸ್ರಿ ಅಂದ್ರು. ಅದರಾಗ ಇಳಿಸೋದು ಬ್ಯಾಡ ಅನ್ನೋ ನನ್ನ ಮಾತು ಒಂದಾ ಸಲ ಕೇಳ್ತದ. ಆಮ್ಯಾಲೆ ನಾ ಸುಮ್ಮನಾದೆ. ಗುರುಗಳಿಗೆ ಎದುರಾಡಬಾರದಂತ... ಹಿಂದ ಅಷ್ಟು ಮಂದಿ ಪ್ರಯಾಣಿಕರು ಕುಂತಿದ್ರು. ಅಷ್ಟು ನನ್ನ ತಪ್ಪು ಅಂತ ನಾನಾ ಹೇಳಿದೆ. ಉಳಿದದ್ದು ನಂದಲ್ಲ ಅಂತನೂ ಹೇಳಿದೆ. ನೀವಂದಂಗ, ಖರೇ ಎಷ್ಟದ ಅಷ್ಟ."

ಅವಳ ಕಣ್ಣು ತುಂಬಿತು. ಅವನ ಧ್ವನಿ ಬಿರುಸಾಯಿತು.

"ನೀವ್ಯಾಕ ಬಿಟ್ಟು ಹೋದ್ರಿ? ನಾ ಸುಳ್ಳ, ನನ್ನ ಕೇಸು ಸೋಲ್ತದ ಅಂತೇನು?"

"ಅಯ್ಯೋ, ಅಲ್ರಿ!" ಅವಳು ಬಿಕ್ಕಿದಳು. "ವಕೀಲರು ಕಕ್ಷಿದಾರರ ಫೈಲು ನೋಡಬೇಕು. ನಾ ಬರೇ ನಿಮ್ಮನ್ನ ನೋಡಾಕತ್ತಿದ್ದೆ. ನಾ ಇದ್ರ ನಿಮ್ಮ ಕೇಸು ಹಾಳಾಗ್ತಿತ್ತು..."

ಅಂಬರೇಶ ಕೈಯಲ್ಲಿದ್ದ ಲಕೋಟೆಯತ್ತ ನೋಡಿದ. "ನಾನು ಅರ್ಧ ವರ್ಷ ಹಾರಂಗಿಲ್ಲ. ಆಮ್ಯಾಲೂ ಯಾರು ಕರೀತಾರೋ ಇಲ್ಲೋ. ಹಾರಲಾರದ ಪೈಲಟ್ಟು, ಅದೂ ನಿಮ್ಮಂಥಾ ಮನಿಗೆ..."

"ನೀವು ಹಾರೋದು ನಾ ಯಾವಾಗ ನೋಡೀನ್ರಿ?" ಅಳುತ್ತಲೇ ನಕ್ಕಳು. "ನಾ ನೋಡಿದ್ದು ನೆಲದ ಮ್ಯಾಲೆ ನಿಂತಾಂವನ್ನ. ಅಂವನಾ ಸಾಕು ನನಗ."

ಒಳಗಿನಿಂದ ಅಪ್ಪ ಜಗನ್ನಾಥರ ಧ್ವನಿ ಕೇಳಿತು. "ಯಾರವ್ವಾ ಅವರು? ಕಕ್ಷಿದಾರರೇನು?"

ಜಯಾಬಾಯಿಯ ಮುಖ ಬಿಳುಚಿಕೊಂಡಿತು. ಎದುರು ಮನೆಯ ಕಿಟಕಿ ಆಗಲೇ ತೆರೆದಿತ್ತು. ವೇದಶ್ರೀ ಒಂದು ಸಲ ಉಸಿರೆಳೆದುಕೊಂಡಳು.

"ಅಲ್ಲಪ್ಪಾ. ನಾ ಮದಿವಿ ಆಗಬೇಕಂತ ಇರೋರು."

ಒಳಗೆ ಕುರ್ಚಿ ಸರಿದ ಸದ್ದು.

"ಬಿಸಲಾಗ ಯಾಕ ನಿಲ್ಲಿಸೀದಿ? ಒಳಗ ಕರಿ," ಎಂದರು ಜಗನ್ನಾಥರು ಕೊನೆಗೆ. "ಒಪ್ಪೀನಿ ಅಂತ ಅಲ್ಲ ಮತ್ತ."

ಅಂಬರೇಶ ಚಪ್ಪಲಿ ಬಿಟ್ಟ. ಆದರೆ ಕಾಲು ಮುಂದೆ ಬರಲಿಲ್ಲ.

"ನನಗ ಅಂಜಿಕಿ ಬರಾಕತ್ತದ್ರಿ," ಎಂದು ಪಿಸುಗುಟ್ಟಿದ.

"ನನಗೂ," ಎಂದಳು ವೇದಶ್ರೀ. "ಕೈ ಕೊಡ್ರಿ."