ಹಯಾಶಿಯೊ ಮಾರುವಿನ ಕೊಡಲಿ

"ಈ ಹಡಗಿಗೆ ಕೊಡಲಿ ಒಂದು ಬೇಡ ಕ್ಯಾಪ್ಟನ್ರೇ. ಬೇರೆ ಏನ್ ಬೇಕಾದ್ರೂ ತನ್ನಿ."

ಎಂಜಿನ್ ನೋಡಿಕೊಳ್ಳುವ ಮುದುಕ ಕಿಸಾಬುರೊ ಹೀಗೆಂದಾಗ ಹೊಸ ಕ್ಯಾಪ್ಟನ್ ಹಿರೊತಾನಿ ಗಹಗಹಿಸಿ ನಕ್ಕ. "ಕೊಡಲಿ ಇಲ್ಲದ ಟಗ್ಗಾ? ನಾಳೆ ಚುಕ್ಕಾಣಿನೂ ಬೇಡ ಅಂತೀರಾ ಅಜ್ಜ?"

ಅವನ ನಗುವಿನಲ್ಲಿ ತಪ್ಪೇನೂ ಇರಲಿಲ್ಲ. ಎಳೆದೊಯ್ಯುತ್ತಿರುವ ಸರಕುದೋಣಿ ಮುಳುಗತೊಡಗಿದರೆ ಎಳೆಯುವ ಪುಟ್ಟ ಹಡಗನ್ನೂ, ಅಂದರೆ ಟಗ್ಗನ್ನೂ, ಜೊತೆಗೇ ಕೆಳಗೆ ಕೊಂಡೊಯ್ಯುತ್ತದೆ. ಆಗ ಹಗ್ಗ ಕಡಿಯಲು ಹಿಂಬದಿಯ ಕಂಬದ ಪಕ್ಕ ಕೊಡಲಿ ತೂಗುತ್ತಿರಬೇಕು. ನಮ್ಮ ಮೋಜಿ ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಸುಬಿನ ಮಾತು. ಹಿರೊತಾನಿ ಕೊಡಲಿಯನ್ನು ಕೊಕ್ಕೆಗೆ ನೇತುಹಾಕಿದ. ಆ ಹಗ್ಗ ಸುತ್ತುವ ಕಂಬಕ್ಕೆ ಯಾರೋ ಉದ್ದನೆಯ ಮೊಳೆ ಹೊಡೆದಿದ್ದರು. ಮೊಳೆಗೆ ಹೆಂಗಸಿನ ತಲೆಗೂದಲು ಸುತ್ತಿತ್ತು.

ಯುದ್ಧ ಮುಗಿದು ಅದು ಎರಡನೇ ವಸಂತ. ನೌಕಾಪಡೆ ಬಿಟ್ಟುಕೊಟ್ಟ ಈ ಟಗ್ಗು, ಹಯಾಶಿಯೊ ಮಾರು, ಮತ್ತೆ ಬಾಡಿಗೆಗೆ ಓಡಬೇಕಾದರೆ ಬಂದರು ಕಚೇರಿಗೆ ಅದರ ಸೇವೆಯ ಇತಿಹಾಸ ಬರೆದುಕೊಡಬೇಕಿತ್ತು. ಹಿರೊತಾನಿ ಹಳೆಯ ದಿನಚರಿಗಳನ್ನು ನೋಡಿ ನಕಲು ಮಾಡುತ್ತಿದ್ದ. ಫಿರಂಗಿ ಹೊತ್ತ ದೋಣಿಗಳು, ಕಲ್ಲಿದ್ದಲು, ಬಾಲ ಮುರಿದ ಜಲಾಂತರ್ಗಾಮಿ, ಎಲ್ಲವನ್ನೂ ಈ ಪುಟ್ಟ ಹಡಗು ಎಳೆದಿತ್ತು. ಕೊನೆಯ ವರ್ಷದಲ್ಲಿ ಒಂದು ಸಾಲು: "ಅಲೆಗೆ ಹಗ್ಗ ತುಂಡಾಯಿತು. ದೋಣಿ ನಷ್ಟ. ಜೀವಹಾನಿ ಇಲ್ಲ."

"ಸುಳ್ಳು," ಎಂದ ಕಿಸಾಬುರೊ. "ಆ ದೋಣೀಲಿ ಮೂರು ಜನ ಇದ್ರು. ಕೂಲಿಯವರು, ಹಡಗಿನ ಪಟ್ಟೀಲಿ ಹೆಸರಿರಲಿಲ್ಲ. ವಿಮಾನ ಬಂತು ಅಂತ ಹಳೇ ಕ್ಯಾಪ್ಟನ್ ಹೆದರಿ ಕಡಿದುಬಿಟ್ಟ. ಅವರಲ್ಲಿ ಒಬ್ಬನ ಹೆಂಡತಿ ಟೋಮೆ ಬಂದು ತನ್ನ ಕೂದಲು ಕಿತ್ತು ಮೊಳೆಗೆ ಸುತ್ತಿ ಈ ಕಂಬಕ್ಕೆ ಹೊಡೆದ್ಲು. 'ಇನ್ಮೇಲೆ ಈ ಹಗ್ಗ ಕಡಿದವನ ರಕ್ತಾನೇ ಆ ತುದೀಲಿರಲಿ' ಅಂದ್ಲು. ಮೂರೇ ತಿಂಗಳು. ಆ ಕ್ಯಾಪ್ಟನ್ ಮತ್ತೆ ಕಡಿದ. ಆ ತುದೀಲಿ ಅವನ ಮಗ ಇದ್ದ."

"ಅಜ್ಜಿ ಕತೆ," ಎಂದು ಹಿರೊತಾನಿ ಆ ಸಾಲನ್ನು ಇದ್ದ ಹಾಗೆಯೇ ನಕಲು ಮಾಡಿದ. ಪಕ್ಕದಲ್ಲಿದ್ದ ತಮ್ಮ ಶೂಜೊ ಮಾತ್ರ ನಗಲಿಲ್ಲ. ಬಾಂಬಿನ ಬೆಂಕಿಯಲ್ಲಿ ಮನೆಯವರೆಲ್ಲ ಹೋದ ಮೇಲೆ ಹಿರೊತಾನಿಗೆ ತನ್ನವನೆಂದು ಉಳಿದಿದ್ದು ಈ ತಮ್ಮ ಒಬ್ಬನೇ. ಇದೇ ಹಡಗಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಕೆಲಸ ಅವನದು. "ಅಣ್ಣ, ಕೊಡಲಿ ವಾಪಸ್ ಕೊಟ್ಬಿಡು," ಎಂದ. ಅಣ್ಣ ಅವನ ತಲೆಗೊಂದು ಮೊಟಕಿದ.

ಮಾರನೇ ದಿನ ಮಧ್ಯಾಹ್ನ ಖಾಲಿ ದೋಣಿಯೊಂದನ್ನು ಕಟ್ಟಿಕೊಂಡು ಕಲ್ಲಿದ್ದಲು ತರಲು ವಾಕಾಮಾತ್ಸುವಿನ ಕಡೆ ಹೊರಟರು. ಜಲಸಂಧಿಯ ನಡುವೆ ಮಂಜು ಕವಿಯಿತು. ಮೊದಲು ದಡ ಹೋಯಿತು. ಆಮೇಲೆ ಹಿಂದಿನ ದೋಣಿಯೂ ಹೋಯಿತು. ಬಿಳಿ ಗೋಡೆಯೊಳಕ್ಕೆ ಹೊಕ್ಕ ಹಗ್ಗ ಮಾತ್ರ ಕಾಣುತ್ತಿತ್ತು.

ಆಗ ವಾಸನೆ ಬಂತು. ಹೊಗೆಯದಲ್ಲ, ಉಪ್ಪುನೀರಿನದಲ್ಲ. ಹೆಂಗಸರು ತಲೆಗೆ ಹಚ್ಚುವ ತ್ಸುಬಾಕಿ ಎಣ್ಣೆಯದು. ಹಿರೊತಾನಿಯ ತಾಯಿಯೂ ಅದನ್ನೇ ಹಚ್ಚುತ್ತಿದ್ದಳು.

ಕಂಬ ನರಳಿತು. ಹಗ್ಗ ಬಿಗಿಯಿತು. ಖಾಲಿ ದೋಣಿ ಇಷ್ಟೊಂದು ಭಾರ ಹೇಗಾಯಿತು? ಹಡಗಿನ ಹಿಂಬದಿ ಒಂದು ಗೇಣು ಕುಸಿಯಿತು. ಇನ್ನೊಂದು ಗೇಣು. ಯಾರೋ ಒಬ್ಬೊಬ್ಬರಾಗಿ ದೋಣಿ ಹತ್ತುತ್ತಿದ್ದ ಹಾಗಿತ್ತು.

"ಪೂರ್ತಿ ವೇಗ!" ಎಂದು ಹಿರೊತಾನಿ ಎಂಜಿನ್ ಕೋಣೆಗಿಳಿಯುವ ಮಾತಿನ ಕೊಳವೆಯಲ್ಲಿ ಕೂಗಿದ. ಎಂಜಿನ್ ಭೋರ್ಗರೆಯಿತು. ಹಡಗು ಹಿಂದಕ್ಕೇ ಸರಿಯಿತು. ಆ ಕಡೆ, ಯುದ್ಧಕಾಲದಲ್ಲಿ ಸಮುದ್ರಕ್ಕೆ ಬಿಟ್ಟು ಇನ್ನೂ ತೆಗೆಯದ ಸಿಡಿಗುಂಡುಗಳ ನೀರು. ಚುಕ್ಕಾಣಿ ಬಿಗಿದು ಹಿಂಬದಿಗೆ ಓಡಿದ. ಡೆಕ್ಕಿನ ಮೇಲೆ ಮೊಣಕಾಲುದ್ದ ನೀರು. ಹಗ್ಗದ ನಾರುಗಳ ನಡುವೆ ಕಪ್ಪು ಎಳೆಗಳಿದ್ದವು. ಕೂದಲು. ಅದು ಬೆಳೆಯುತ್ತಿತ್ತು.

ಮಂಜಿನೊಳಗಿಂದ ಒಡಕು ದನಿಗಳು. "ಕಡೀಬೇಡ." "ಕಡೀಬೇಡ." "ಕಡೀಬೇಡ."

ಕೊಡಲಿ ಕೈಗೆ ಬಂತು. ತಾನೇ ಬಂದಂತೆ ಬಂತು.

"ಅಣ್ಣಾ! ಕಡೀಬೇಡ!"

ದೆವ್ವಗಳು ತಮ್ಮನ ದನಿಯನ್ನೂ ಕದ್ದವು, ಎಂದುಕೊಂಡ. ಶೂಜೊ ಕೆಳಗಿದ್ದಾನೆ. ಬೆಂಕಿಯ ಮುಂದಿದ್ದಾನೆ. ಒಂದು ಏಟು. ಎರಡು. ಮೂರು.

ಹಗ್ಗ ಹಾರಿತು. ಹಡಗು ಸರಕ್ಕನೆ ಮೇಲೆದ್ದಿತು. ಡೆಕ್ಕು ಒಣಗಿತ್ತು. ಒಂದು ಹನಿ ನೀರೂ ಇರಲಿಲ್ಲ.

ಮಂಜು ಸೀಳಿಕೊಂಡಿತು. ಖಾಲಿ ದೋಣಿ ಬೆಂಡಿನಂತೆ ಹಗುರಾಗಿ ತೇಲಿ ದೂರ ಸರಿಯುತ್ತಿತ್ತು. ಅದರ ಮೂತಿಯಲ್ಲಿ ಶೂಜೊ ನಿಂತಿದ್ದ. ಒಂದು ಕೈಯಲ್ಲಿ ಅನ್ನದ ಉಂಡೆಗಳ ಪೊಟ್ಟಣ, ಇನ್ನೊಂದರಲ್ಲಿ ಕಡಿದ ಹಗ್ಗ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದೋಣಿಯ ಕೆಳಗೆ ಸಮುದ್ರ ಸಿಡಿದು ನೀರು ಆಕಾಶಕ್ಕೆ ಚಿಮ್ಮಿತು.

ಕಿಸಾಬುರೊ ಕಲ್ಲಿದ್ದಲಿನ ಸಲಿಕೆ ಹಿಡಿದೇ ಏದುಸಿರು ಬಿಡುತ್ತಾ ಮೇಲೆ ಬಂದ. "ಸತ್ತ ಮೂವರಿಗೆ ಎಡೆ ಇಡ್ತೀನಿ ಅಂತ ಆ ದೋಣಿ ಹತ್ತಿದ್ದ. ಹೊರಡೋಕ್ ಮುಂಚೆ ನಿಮ್ಗೆ ಹೇಳ್ತೀನಿ ಅಂದಿದ್ದ. ಹೇಳ್ಲಿಲ್ವಾ? ಬೇಡ ಕಣೋ ಅಂದೆ. 'ನಾನೇ ಆ ತುದೀಲಿದ್ರೆ ಅಣ್ಣ ಕಡೀತಾನಾ ಅಜ್ಜ?' ಅಂತ ನಕ್ಕ..."

ಹಿರೊತಾನಿ ಸೇವೆಯ ಇತಿಹಾಸವನ್ನು ಮೊದಲಿನಿಂದ ಬರೆದ. ಹಗ್ಗ ತುಂಡಾಗಲಿಲ್ಲ, ಕಡಿಯಲಾಯಿತು, ಎಂದು ಮೂರು ಕಡೆ ಬರೆದ. ಸತ್ತವರ ಹೆಸರುಗಳನ್ನು ಮೋಜಿಯ ಕೇರಿಗಳಲ್ಲಿ ಕೇಳಿ ಕೇಳಿ ತಂದು ಬರೆದ. ಕೊನೆಯದು ತಮ್ಮನ ಹೆಸರು. ಕಚೇರಿಯವರು ಅವನ ಕ್ಯಾಪ್ಟನ್‌ಗಿರಿ ಕಿತ್ತುಕೊಂಡರು.

ಹಯಾಶಿಯೊ ಮಾರು ಈಗಲೂ ಓಡುತ್ತಿದೆ, ಬೇರೆ ಕ್ಯಾಪ್ಟನ್ ಇದ್ದಾನೆ. ಅದು ಎಳೆಯುವ ದೋಣಿಯ ಮೂತಿಯಲ್ಲಿ ಹಿರೊತಾನಿ ಕೂಲಿಯವನಾಗಿ ಕೂತಿರುತ್ತಾನೆ. ಮಳೆಯಿರಲಿ, ಮಂಜಿರಲಿ, ಕಣ್ಣು ಹಗ್ಗದ ಮೇಲಿರುತ್ತದೆ. ಟಗ್ಗಿನ ಕೊಡಲಿ, ಅಲ್ಲಿ ಯಾರ ಕೈಗೂ ಸಿಗದ ಹಾಗೆ, ಅವನ ತೊಡೆಯ ಮೇಲಿರುತ್ತದೆ.