ದಿವಾನನಿಗೆ ಎರಡು ಯೂನಿಟ್

"ಬಿಡ್ರೀ ಅದನ್ನ! ಯಾರ್ರೀ ನೀವು?"

ಅಡುಗೆಮನೆಯ ಬಾಗಿಲಲ್ಲೇ ನಿಂತು ಅವಳು ಕಿರುಚಿದಳು. ಹೆಗಲ ಮೇಲಿದ್ದ ಚೀಲ ನೆಲಕ್ಕೆ ಬಿತ್ತು.

ಒಳಗೆ, ಸಿಂಕಿನ ಪಕ್ಕದ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು ಒಬ್ಬ ಅಪರಿಚಿತ ಗಂಡಸು ಕೂತಿದ್ದ. ಅವನ ತೊಡೆಯ ಮೇಲೆ ಅವಳ ಬೆಕ್ಕು. ಅವನ ಬಲಗೈಯಲ್ಲಿ... ಸೂಜಿ!

ಅವನು ಬೆಚ್ಚಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಒಂದೇ ನಿಮಿಷ. ಸೂಜಿ ಒಳಗಿದೆ. ಈಗ ಅಲ್ಲಾಡಿದ್ರೆ ಇದಕ್ಕೇ ನೋವಾಗೋದು," ಎಂದ ಮೆಲ್ಲಗೆ.

ಹಳದಿ ಪಟ್ಟೆಯ ದಿವಾನ, ಮುಟ್ಟಿದವರನ್ನೆಲ್ಲ ಪರಚುವ ಆ ದಪ್ಪ ಬೆಕ್ಕು, ಅವನ ಮೊಣಕೈಗೆ ಗಲ್ಲ ಒತ್ತಿಕೊಂಡು ಕಣ್ಣು ಮುಚ್ಚಿತ್ತು!

ಅಷ್ಟರಲ್ಲಿ ಸೋದರತ್ತೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. "ಅಯ್ಯೋ ಪುಟ್ಟಿ, ಕೂಗ್ಬೇಡ ಕಣೇ! ನಾನೇ ಕರೆದಿದ್ದು. ಇವರು ಮೇಲಿನ ಮನೆಯವರು. ಲಿಫ್ಟ್ ರಿಪೇರಿ ಮಾಡ್ತಾರೆ."

"ನಮ್ಮ ಬಿಲ್ಡಿಂಗಲ್ಲಿ ಲಿಫ್ಟೇ ಇಲ್ವಲ್ಲ ಅತ್ತೆ!"

"ಅದಕ್ಕೇ ಇಲ್ಲಿ ನೆಮ್ಮದಿಯಾಗಿದೀನಿ," ಎಂದ ಅವನು. ನಗಲಿಲ್ಲ. ಕಣ್ಣಲ್ಲಿ ಮಾತ್ರ ಏನೋ ಮಿನುಗಿತು.

ಪುಟ್ಟಿಗೆ ನಗು ಬರಲಿಲ್ಲ. ಮೂವತ್ತೊಂದು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ ಗಾಜಿನ ಪವರ್ ಪರೀಕ್ಷಿಸುವುದು. ಮೂರು ಸಲ ಅಳೆದ ಗಾಜನ್ನು ನಾಲ್ಕನೇ ಸಲ ಬೆಳಕಿಗೆ ಹಿಡಿದು ನೋಡುವವಳು. ಎರಡು ವರ್ಷದ ಹಿಂದೆ ಮದುವೆಯಾಗಬೇಕಿದ್ದವನು "ಆಫೀಸಿನ ಕೆಲಸ" ಎಂದು ತಿಂಗಳಿಗೆರಡು ಸಲ ಊರು ಬಿಡುತ್ತಿದ್ದ. ಆ ಊರಲ್ಲಿ ಅವನಿಗೆ ಹೆಂಡತಿಯೇ ಇದ್ದಳು! ಅಲ್ಲಿಂದೀಚೆಗೆ ಪುಟ್ಟಿ ಮನುಷ್ಯರನ್ನೂ ಬೆಳಕಿಗೆ ಹಿಡಿದೇ ನೋಡುತ್ತಾಳೆ.

"ನನ್ನ ಕೈ ನಡುಗುತ್ತೆ ಕಣೇ..." ಅತ್ತೆಯ ದನಿ ಇಳಿಯಿತು. "ಸಿರಿಂಜಿನ ಮೇಲಿನ ಆ ಸಣ್ಣ ಗೀಟು ಕಾಣ್ಸಲ್ಲ. ಮೊನ್ನೆ ಎರಡು ಯೂನಿಟ್ ಬದಲು ಮೂರು ಎಳೆದುಬಿಟ್ಟಿದ್ದೆ. ಹೆದರಿಕೆ ಆಯ್ತು."

ಪುಟ್ಟಿ ಕೆಳಗೆ ಬಿದ್ದ ಚೀಲವನ್ನು ಎತ್ತಿಕೊಂಡಳು. ದಿವಾನನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು ಒಂದು ತಿಂಗಳಾಗಿತ್ತು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್. ಬೆಳಗಿನದು ಪುಟ್ಟಿಯ ಪಾಲು, ಸಂಜೆಯದು ಅತ್ತೆಯದು; ಅಂಗಡಿ ಮುಚ್ಚುವುದೇ ಎಂಟಕ್ಕೆ. ಇವತ್ತು ಕರೆಂಟ್ ಹೋಗಿ ಬೇಗ ಬಂದಿದ್ದಳು, ಅಷ್ಟೇ.

ಬೇರೆ ದಾರಿ ಇರಲಿಲ್ಲ.

ಮರುದಿನವೇ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿತು. ಮೊದಲು ಕಿವಿಯ ಅಂಚಿನಿಂದ ಒಂದು ಹನಿ ರಕ್ತ, ಮೀಟರಿನ ಅಂಕಿ ಪುಸ್ತಕಕ್ಕೆ. ಆಮೇಲೆ ಡಬ್ಬಿಯ ಮಾಂಸದ ಊಟ. ಒಣ ಬಿಸ್ಕತ್ತು ಒಂದು ಚೂರೂ ಇಲ್ಲ. ತಿಂದ ಮೇಲೆ ಎರಡು ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ ಮಾತ್ರ! ಬೆಕ್ಕಿನ ಇನ್ಸುಲಿನ್ನಿಗೆ ಅದೇ ಬೇಕು, ಮನುಷ್ಯರು ಬಳಸುವ ಕಿತ್ತಳೆ ಮುಚ್ಚಳದ್ದರಲ್ಲಿ ಅಳತೆಯೇ ಬೇರೆ.

ಅವನು ಪಟ್ಟಿಯನ್ನು ಪೂರ್ತಿ ಓದಿ, "ಸಹಿ ಹಾಕ್ಬೇಕಾ?" ಎಂದು ಕೇಳಿದ.

"ಬೇಡ. ಮಾಡಿದ್ರೆ ಸಾಕು," ಎಂದಳು ಇವಳು ಬಿಗಿಯಾಗಿ.

ಅವನು ಮಾಡಿದ. ದಿನವೂ ಏಳಕ್ಕೆ ಸರಿಯಾಗಿ, ಗ್ರೀಸ್ ಹತ್ತಿದ ಶರ್ಟಿನಲ್ಲೇ ಬರುತ್ತಿದ್ದ. ಸಿಂಕಿನಲ್ಲಿ ಮೊಣಕೈವರೆಗೂ ತೊಳೆದುಕೊಂಡು, ದಿವಾನನ ಕಿವಿಯನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು, "ಏನಪ್ಪಣೆ ಸ್ವಾಮಿ? ಇವತ್ತು ಬಲಗಿವಿಯೋ, ಎಡಗಿವಿಯೋ?" ಎಂದು ಕೇಳುತ್ತಿದ್ದ. ಅಂಗಡಿಗೆ ರಜೆಯಿದ್ದ ಮಂಗಳವಾರಗಳಲ್ಲಿ ಇವಳು ಬಾಗಿಲಿಗೊರಗಿ ನೋಡುತ್ತ ನಿಲ್ಲುತ್ತಿದ್ದಳು.

*ಎಷ್ಟು ಮೃದು ಕೈ ಇವನದು...* ಎನ್ನಿಸಿತು ಒಂದು ಸಂಜೆ.

ತಕ್ಷಣ ಒಳಗಿನ ಇನ್ನೊಬ್ಬಳು ಎದ್ದು ಕೂತಳು. *ಆ ಮೋಸಗಾರನ ಕೈಯೂ ಮೃದುವಾಗೇ ಇತ್ತಲ್ಲ! ಇವನಿಗೆ ಸೂಜಿ ಹಿಡಿಯೋದು ಇಷ್ಟು ಚೆನ್ನಾಗಿ ಹೇಗೆ ಗೊತ್ತು? ಯಾರದ್ದೋ ಬೆಕ್ಕಿಗಾಗಿ ದಿನಾ ಯಾಕೆ ಬರ್ತಾನೆ?*

ಹುಡುಕಿದರೆ ಸಿಗದೆ ಇರುತ್ತದೆಯೇ? ಬೆಕ್ಕಿನ ತಟ್ಟೆಯ ಪಕ್ಕ ಒಂದು ದಿನ ಪೆಪ್ಪರಮೆಂಟಿನ ಕಾಗದ ಸಿಕ್ಕಿತು. ಸಕ್ಕರೆ ಕಾಯಿಲೆಯ ಬೆಕ್ಕಿನ ಮುಂದೆ ಪೆಪ್ಪರಮೆಂಟು! ಇನ್ನೊಂದು ದಿನ ಅವಳು ಒಳಗೆ ಬರುತ್ತಿದ್ದಂತೆ ಅವನು ಗೋಡೆಯ ಕಡೆ ತಿರುಗಿ, ಅಂಗಿ ಇಳಿಸಿಕೊಂಡು, ಏನನ್ನೋ ಜೇಬಿಗೆ ತುರುಕಿದ.

"ಏನದು?"

"ಏನಿಲ್ಲ."

ಏನಿಲ್ಲ... ಆ ಪದವನ್ನು ಅವಳು ಎಷ್ಟು ಕೇಳಿರಲಿಲ್ಲ!

ಮೂರನೇ ತಿಂಗಳಿಗೆ ಪುಸ್ತಕದ ಅಂಕಿಗಳು ಇಳಿಯತೊಡಗಿದವು. ಮುನ್ನೂರರ ಮೇಲಿದ್ದದ್ದು ಇನ್ನೂರಾಯಿತು, ನೂರೈವತ್ತಾಯಿತು, ನೂರಹತ್ತಾಯಿತು. ಅತ್ತೆ ಖುಷಿಪಟ್ಟರು. ಪುಟ್ಟಿ ಮಾತ್ರ ಪುಸ್ತಕವನ್ನು ಮತ್ತೆ ಮೊದಲ ಹಾಳೆಯಿಂದ ತಿರುವಿದಳು. ಔಷಧಿ ಅಷ್ಟೇ, ಊಟ ಅಷ್ಟೇ. ಹಾಗಾದರೆ ಇಷ್ಟು ಇಳಿಯುವುದೇಕೆ? *ಹೆಚ್ಚು ಕೊಡ್ತಿದಾನೆ. ಕೊಟ್ಟು, ಪುಸ್ತಕದಲ್ಲಿ ಎರಡು ಅಂತ ಬರೀತಿದಾನೆ!*

ಡಾಕ್ಟರಿಗೆ ಫೋನ್ ಮಾಡಬಹುದಿತ್ತು. ಆದರೆ ಮೊದಲು ಅವನನ್ನು ಸಾಕ್ಷಿ ಸಮೇತ ಹಿಡಿಯಬೇಕು, ಆಮೇಲೆ ಮಾತು ಎಂದುಕೊಂಡಳು. ಐದು ದಿನ ಕಾದಳು.

ಸೋಮವಾರ ಸಂಜೆ ಅವನೇ ಅಂಗಡಿಗೆ ಫೋನ್ ಮಾಡಿದ. "ಇವತ್ತು ತೊಂಬತ್ನಾಲ್ಕು ಬಂದಿದೆ. ಕೊಡೋದು ಬೇಡ ಅನ್ಸುತ್ತೆ. ಡಾಕ್ಟರನ್ನ ಒಂದು ಮಾತು ಕೇಳ್ತೀರಾ?"

*ನಾಟಕ!* "ಪಟ್ಟಿಯಲ್ಲಿ ಏನಿದೆಯೋ ಅದನ್ನ ಮಾಡಿ," ಎಂದು ಫೋನಿಟ್ಟಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಎಂಬತ್ತೊಂದು. ಅವಳ ಕೈ ಒಂದು ಕ್ಷಣ ತಡೆಯಿತು. ಪಟ್ಟಿಯಲ್ಲಿ ಎರಡು ಎಂದಿದೆ... ಎರಡನ್ನೇ ಕೊಟ್ಟಳು.

ಒಂಬತ್ತೂವರೆಗೆ ದಿವಾನ ಕುರ್ಚಿಯಿಂದ ಇಳಿಯಲು ಹೋಗಿ ಬಿದ್ದ. ಎದ್ದ. ಕುಡಿದವನಂತೆ ಎರಡು ಹೆಜ್ಜೆ ವಾಲಾಡಿ ಮತ್ತೆ ಬಿದ್ದ. ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಅತ್ತೇ! ದಿವಾನ... ದಿವಾನನಿಗೆ ಏನೋ ಆಗ್ತಿದೆ!"

ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದ ಅವನು ಆ ಕೂಗಿಗೆ ಒಳನುಗ್ಗಿದ. ಒಂದೇ ನೋಟಕ್ಕೆ ಅರ್ಥವಾಯಿತು. ಜೇಬಿನಿಂದ ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ ತೆಗೆದು, ಹಲ್ಲಲ್ಲಿ ಹರಿದು, ಒದ್ದೆ ಬೆರಳಿಗೆ ಅಂಟಿಸಿ ಬೆಕ್ಕಿನ ವಸಡಿಗೆ ಉಜ್ಜತೊಡಗಿದ.

"ಸ್ವಾಮಿ, ನೆಕ್ಕಿ... ಸ್ವಲ್ಪ ನೆಕ್ಕಿ..."

ಮೀಟರ್ ನಲವತ್ತೊಂದು ತೋರಿಸಿತು. ಹತ್ತು ನಿಮಿಷಕ್ಕೆ ಐವತ್ತೆಂಟು. ದಿವಾನನ ನಾಲಗೆ ಹೊರಬಂತು.

ಅವಳ ಉಸಿರೂ ಬಂತು. ಉಸಿರಿನ ಹಿಂದೆಯೇ ಅನುಮಾನ! ಯಾವ ಗಂಡಸು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು ಓಡಾಡುತ್ತಾನೆ? ಸಿಂಕಿನ ಕೆಳಗಿನ ಕಸದ ಬುಟ್ಟಿ ಎಳೆದಳು. ಅಡಿಯಲ್ಲಿ, ಕೆಂಪು ಮುಚ್ಚಳಗಳ ನಡುವೆ, ಕಿತ್ತಳೆ ಬಣ್ಣದ್ದೊಂದು.

"ಮನುಷ್ಯರ ಸಿರಿಂಜ್!" ಅದನ್ನು ಎತ್ತಿ ಅವನೆದುರು ಹಿಡಿದಳು. "ಇದರಲ್ಲೇ ಹೆಚ್ಚು ಕೊಟ್ಟಿದ್ದು, ಅಲ್ವಾ? ಹೀಗಾಗುತ್ತೆ ಅಂತ ಗೊತ್ತಿದ್ದೇ ಜೇಬಲ್ಲಿ ಗ್ಲೂಕೋಸ್ ಇಟ್ಕೊಂಡಿದ್ದು!"

ಅವನ ಮುಖ ಬಿಳುಪೇರಿತು. "ಅದು ಬೆಕ್ಕಿಗೆ ಹಾಕಿದ್ದಲ್ಲ."

"ಮತ್ತೆ ಯಾರಿಗೆ?"

ಅವನು ದಿವಾನನನ್ನು ಮೆಲ್ಲಗೆ ಕುರ್ಚಿಯ ಮೇಲೆ ಮಲಗಿಸಿದ.

"ಹೇಳಿ! ಯಾರಿಗೆ?"

"...ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ," ಎಂದವನೇ ತಿರುಗಿ ನೋಡದೆ ಮೆಟ್ಟಿಲಿಳಿದುಹೋದ.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ದಿವಾನನನ್ನು ಒಳಗೆ ಕಳಿಸಿ, ಪುಟ್ಟಿ ಮತ್ತು ಅತ್ತೆಯ ಎದುರು ಪುಸ್ತಕ ತೆರೆದು ಕೂತರು. ಹಾಳೆ ಹಾಳೆಯನ್ನೂ ನೋಡಿದರು.

"ಯಾರೂ ಹೆಚ್ಚು ಕೊಟ್ಟಿಲ್ಲಮ್ಮ. ಕೊಟ್ಟಿದ್ರೆ ಒಂದೇ ದಿನಕ್ಕೆ ಕುಸೀತಿತ್ತು. ಇದು ನೋಡಿ, ದಿನಾ ಸ್ವಲ್ಪಸ್ವಲ್ಪವೇ ಇಳಿದಿದೆ. ಊಟ ಬದಲಾಯ್ತಲ್ಲ, ಇದರ ಮೈ ತಾನೇ ಇನ್ಸುಲಿನ್ ಮಾಡ್ಕೊಳ್ಳೋಕೆ ಶುರು ಮಾಡಿದೆ. ಕೆಲವು ಬೆಕ್ಕುಗಳಲ್ಲಿ ಹೀಗಾಗುತ್ತೆ."

"ಅಂದ್ರೆ...?"

"ಅಂದ್ರೆ ಗುಣ ಆಗ್ತಿದೆ! ಸದ್ಯಕ್ಕೆ ಇಂಜೆಕ್ಷನ್ ನಿಲ್ಲಿಸಿ ನೋಡೋಣ. ಆದರೆ ನೂರರ ಹತ್ರ ಬಂದ ತಕ್ಷಣ ನನಗೆ ಫೋನ್ ಮಾಡ್ಬೇಕಿತ್ತು." ಅವರ ಬೆರಳು ಸೋಮವಾರದ ಸಾಲಿನ ಮೇಲೆ ನಿಂತಿತು. "ಇಲ್ಲಿ ಯಾರೋ ಬರೆದೂ ಇದಾರಲ್ಲ: 'ತೊಂಬತ್ನಾಲ್ಕು. ಡಾಕ್ಟರನ್ನು ಕೇಳಿದರೆ ಒಳ್ಳೆಯದು.' ಯಾಕೆ ಕೇಳ್ಲಿಲ್ಲ?"

ಪುಟ್ಟಿಯ ಕಿವಿ ಸುಟ್ಟಿತು. ಗುಣವಾಗುವುದನ್ನೇ ಅವಳು ಅಪರಾಧವೆಂದು ಎಣಿಸಿದ್ದಳು. ಎಂಬತ್ತೊಂದರ ಮೇಲೆ ಎರಡು ಯೂನಿಟ್ ಚುಚ್ಚಿದ್ದು... ತನ್ನದೇ ಕೈ!

ಮುಷ್ಟಿಯಲ್ಲಿದ್ದ ಕಿತ್ತಳೆ ಮುಚ್ಚಳವನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಇದು?"

"ಇದು ಸಕ್ಕರೆ ಕಾಯಿಲೆ ಇರೋ ಮನುಷ್ಯರು ತಮಗೆ ಹಾಕ್ಕೊಳ್ಳೋದು. ನಿಮ್ಮ ಮನೇಲಿ ಯಾರಿಗಿದೆ?"

ಯಾರಿಗೂ ಇಲ್ಲ ಎನ್ನಲು ಹೋದವಳು ಅಲ್ಲೇ ನಿಂತಳು. ಪೆಪ್ಪರಮೆಂಟು. ಗ್ಲೂಕೋಸ್. ಗೋಡೆಯ ಕಡೆ ತಿರುಗಿ ಇಳಿಸಿಕೊಂಡ ಅಂಗಿ. ಕೆಲಸದಿಂದ ಹಸಿದು ನೇರವಾಗಿ ಬರುತ್ತಿದ್ದ ಸಂಜೆಯ ಏಳು ಗಂಟೆ...

"ಅತ್ತೆ, ನೀವಿಲ್ಲೇ ಇರಿ. ಇವತ್ತು ಅವರ ಕೆಲಸ ಎಲ್ಲಿ?"

"ಆ ಒಂಬತ್ತು ಮಹಡಿ ಆಫೀಸಲ್ಲಂತೆ. ಯಾಕೇ?"

ಉತ್ತರ ಕೊಡಲು ಅವಳು ಅಲ್ಲಿರಲಿಲ್ಲ.

ಲಿಫ್ಟಿನ ಬಾಗಿಲಿಗೆ 'ರಿಪೇರಿ ನಡೆಯುತ್ತಿದೆ' ಎಂಬ ಬೋರ್ಡು ನೇತಾಡುತ್ತಿತ್ತು. ಒಂಬತ್ತೂ ಮಹಡಿ ಹತ್ತಿದಳು. ಮೇಲೆ ಮೋಟಾರಿನ ಕೋಣೆಯ ಹೊರಗೆ, ಗೋಡೆಗೊರಗಿ, ಊಟದ ಡಬ್ಬಿ ತೆರೆಯದೆಯೇ ಕೂತಿದ್ದ ಅವನು ದಡಬಡಿಸಿ ಎದ್ದ.

"ದಿವಾನ?"

"ಚೆನ್ನಾಗಿದಾನೆ..." ಅವಳಿಗೆ ಏದುಸಿರು. "ಗುಣ ಆಗ್ತಿದಾನಂತೆ. ಇಂಜೆಕ್ಷನ್ ನಿಲ್ಲಿಸಿದಾರೆ."

ಅವನು ಕಣ್ಣು ಮುಚ್ಚಿ ಉಸಿರುಬಿಟ್ಟ.

"ಎಷ್ಟು ವರ್ಷದಿಂದ?" ಎಂದು ಕೇಳಿದಳು.

ಏನು ಎಂದು ಅವನು ಕೇಳಲಿಲ್ಲ. "ಹತ್ತೊಂಬತ್ತನೇ ವಯಸ್ಸಿಂದ."

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಅಷ್ಟೆಲ್ಲಾ ಅಂದೆ ನಾನು... ಸುಮ್ಮನೆ ಕೇಳಿಸ್ಕೊಂಡು ಹೋದ್ರಲ್ಲ!"

"ಮದುವೆಗೆ ಅಂತ ಮಾತಾಗಿದ್ದ ಹುಡುಗಿ ಒಬ್ಬಳಿದ್ದಳು," ಎಂದ ಅವನು ಬೆರಳ ಗ್ರೀಸನ್ನು ನೋಡುತ್ತ. "ನಾನು ಸೂಜಿ ಹಾಕ್ಕೊಳ್ಳೋದನ್ನ ನೋಡಿದ ದಿನ ಎದ್ದುಹೋದಳು. ನಿಮ್ಮನೆಯಲ್ಲಿ ಸೂಜಿಗೆ ಯಾರೂ ಹೆದರ್ತಿರಲಿಲ್ಲ. ಬೆಕ್ಕಿಗಾದ್ರೆ ಎಲ್ಲರೂ ಪ್ರೀತಿಯಿಂದ ಕೊಡ್ತೀರಿ... ನನಗೂ ಅಂತ ಗೊತ್ತಾದ್ರೆ ನೀವು ನೋಡೋ ನೋಟ ಬದಲಾಗುತ್ತೇನೋ ಅಂತ ಭಯ ಆಯ್ತು."

ಅವಳ ಕಣ್ಣು ತುಂಬಿತು.

"ನನ್ನ ನೋಟ ಮೊದಲಿಂದಲೂ ಕೆಟ್ಟದಾಗೇ ಇತ್ತಲ್ಲ! ಒಬ್ಬ ಮೋಸ ಮಾಡಿದ, ಆ ಸಿಟ್ಟನ್ನೆಲ್ಲ ನಿಮ್ಮ ಮೇಲೆ ತೀರಿಸ್ಕೊಂಡೆ. ನನ್ನ ಅನುಮಾನಕ್ಕೆ ಇವತ್ತು ದಿವಾನನ ಜೀವ ಹೋಗ್ತಿತ್ತು. ತಪ್ಪಾಯ್ತು ರೀ..."

ಕೆಳಗೆಲ್ಲೋ ಯಾರೋ ಕೆಟ್ಟ ಲಿಫ್ಟಿನ ಗುಂಡಿಯನ್ನು ಒತ್ತುತ್ತಲೇ ಇದ್ದರು.

"ಹಾಗಾದ್ರೆ ಇನ್ನು ನನಗೆ ನಿಮ್ಮ ಮನೇಲಿ ಕೆಲಸ ಇಲ್ಲ," ಎಂದ ಅವನು. ನಗಲು ನೋಡಿದ, ಆಗಲಿಲ್ಲ.

"ಕೆಲಸ ಇಲ್ದಿದ್ರೆ ಬರಬಾರದಾ?"

ಅವನು ತಲೆ ಎತ್ತಿದ.

"ಮಂಗಳವಾರ ಬಾಗಿಲಿಗೆ ಒರಗಿ ನಿಲ್ತಿದ್ದೆನಲ್ಲ..." ಅವಳ ದನಿ ಇಳಿಯಿತು. "ಕಾವಲಿಗೆ ಅಂತ ನನಗೇ ಸುಳ್ಳು ಹೇಳ್ಕೊಂಡಿದ್ದೆ. ಕಾವಲು ಕಾಯೋಳಿಗೆ ಸೋಮವಾರದಿಂದಲೇ ಎದೆ ಹೊಡ್ಕೊಳ್ಳುತ್ತಾ?"

ಗ್ರೀಸಿನ ಕೈಯನ್ನು ಅವನು ಪ್ಯಾಂಟಿಗೆ ಒರೆಸಿದ. ಸಾಲಲಿಲ್ಲ ಎನ್ನಿಸಿ ಮತ್ತೆ ಒರೆಸಿದ. ಅಷ್ಟರಲ್ಲಿ ಅವಳೇ ಅದನ್ನು ಹಿಡಿದುಕೊಂಡಳು.

"ನನಗೆ ಎಲ್ಲ ಹೇಳ್ಕೊಡಿ. ನಿಮಗೆ ಸಕ್ಕರೆ ಇಳಿದ್ರೆ ಹೇಗೆ ಗೊತ್ತಾಗುತ್ತೆ?"

"ಬೆವರ್ತೀನಿ. ಕೈ ನಡುಗುತ್ತೆ. ಕಾರಣ ಇಲ್ದೆ ಸಿಟ್ಟಾಗ್ತೀನಿ."

"ಸಿಟ್ಟಾದಾಗ ನಾನೇನು ಮಾಡ್ಬೇಕು? ಸಕ್ಕರೆ ಕೊಡ್ಬೇಕಾ, ಜಗಳ ಆಡ್ಬೇಕಾ?"

ಅವನು ಈಗ ನಿಜವಾಗಿ ನಕ್ಕ.

"ಮೊದಲು ಸಕ್ಕರೆ. ಆಮೇಲೆ ಜಗಳ."

"ಸರಿ. ಈಗ ಮೊದಲು ಊಟ ಮಾಡಿ," ಎಂದು ಅವಳು ಡಬ್ಬಿಯ ಮುಚ್ಚಳ ತೆಗೆದಳು.